ಕುರ್ಚಿಗೆ ದಾನಿಗಳಿದ್ದಾರೆ, ಹೊಸ್ತಿಲಿಗೆ ಯಾರಿದ್ದಾರೆ?

ಬೆಂಗಳೂರಿನ ಅಕ್ಕಿಪೇಟೆಯ ಹಳೆಯ ಕಟ್ಟಡಗಳಲ್ಲಿ ಕೆಳಗೆ ಅಂಗಡಿ ಅಥವಾ ಗೋದಾಮು, ಮೇಲೆ ಸಂಸಾರ. ಎರಡಕ್ಕೂ ನಡುವೆ ಗೋಡೆಗೆ ಒತ್ತಿಕೊಂಡು ಏರುವ ಕಡಿದಾದ ಮೆಟ್ಟಿಲು. ಮೇಲೆ ಹೋದರೆ ಕಿರಿದಾದ ಬಾಗಿಲು, ಎತ್ತರದ ಹೊಸ್ತಿಲು, ನೆಲಕ್ಕಿಂತ ತಗ್ಗಿನಲ್ಲಿ ಬಚ್ಚಲು. ವಠಾರವಾದರೆ ಹಲವು ಮನೆಗಳಿಗೆ ಸೇರಿ ಒಂದೇ ಕಕ್ಕಸು. ಇಂಥ ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ, ಮೂಟೆ ಹೊರುವವರ ಬೆನ್ನುಹುರಿಗೆ ಪೆಟ್ಟಾದರೆ, ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಬೇಕಾಗಿ ಬಂದರೆ, ಆಸ್ಪತ್ರೆಯ ಬಿಲ್ಲು ಮುಗಿದ ದಿನದಿಂದಲೇ ಇನ್ನೊಂದು ಖರ್ಚಿನ ಲೆಕ್ಕ ಶುರುವಾಗುತ್ತದೆ. ಗಾಲಿಕುರ್ಚಿ, ಕೃತಕ ಕಾಲು, ಏರ್ ಬೆಡ್, ಕಮೋಡ್ ಕುರ್ಚಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ. 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ ಇಲ್ಲಿಗೆ ದೂರವೇನಲ್ಲ. ಅದು ಜೀವ ಉಳಿಸಿ ಮನೆಗೆ ಕಳಿಸುತ್ತದೆ. ಮನೆಗೆ ಬಂದ ಮೇಲಿನ ಬದುಕಿಗೆ ಹಣ ಎಲ್ಲಿಂದ ಬರಬೇಕು ಎಂಬುದು ಇಲ್ಲಿನ ಪ್ರಶ್ನೆ.

ನನಗೆ ಕಂಡ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಧನ ಸಲಕರಣೆಗಳಿಗೆ ಹಣ ಇದೆ. ಜನ ಅಂದುಕೊಂಡಿರುವುದಕ್ಕಿಂತ ಹೆಚ್ಚೇ ಇದೆ, ಆದರೆ ಹತ್ತು ಕಡೆ ಚದುರಿಹೋಗಿದೆ. ಮನೆಯನ್ನು ಬದಲಿಸಿಕೊಳ್ಳುವುದಕ್ಕೆ ಮಾತ್ರ ಸರ್ಕಾರದಲ್ಲಾಗಲಿ ದಾನಿಗಳಲ್ಲಾಗಲಿ ಕಣ್ಣಿಗೆ ಬೀಳುವಂಥ ಏರ್ಪಾಡೇ ಇಲ್ಲ. ಮನೆ ಹಾಗೆಯೇ ಇದ್ದು ಕುರ್ಚಿ ಮಾತ್ರ ಬಂದರೆ ಆ ಕುರ್ಚಿ ಕೆಲವೇ ದಿನಗಳಲ್ಲಿ ಮೂಲೆ ಸೇರುತ್ತದೆ.

2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ. ಆಗಿನ್ನೂ 1995ರ ಕಾಯಿದೆ ಜಾರಿಯಲ್ಲಿತ್ತು, ಅದು ಗುರುತಿಸಿದ್ದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅದನ್ನು 21ಕ್ಕೆ ಏರಿಸಿತು. ಆದ್ದರಿಂದ ನಿಜವಾಗಿ ನೆರವು ಬೇಕಾದವರು ಆ ಲೆಕ್ಕಕ್ಕಿಂತ ಬಹಳ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಕನ್ನಡಕದಿಂದ ಗಾಲಿಕುರ್ಚಿಯವರೆಗೆ ಒಂದಲ್ಲ ಒಂದು ಸಾಧನ ಬೇಕು, ಸುಮಾರು 100 ಕೋಟಿ ಜನರಿಗೆ ಅದು ಸಿಕ್ಕಿಲ್ಲ.

ಅಂಗವೈಕಲ್ಯ ಎಂದರೆ ಹುಟ್ಟಿನಿಂದ ಬಂದದ್ದು, ಇಲ್ಲವೇ ಪೋಲಿಯೋದಿಂದ ಆದದ್ದು ಎಂಬ ಭಾವನೆ ಪೇಟೆಯ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಲಕ್ವ ಹೊಡೆದ ತಂದೆಯನ್ನು, ಸೊಂಟದ ಮೂಳೆ ಮುರಿದ ಅಜ್ಜಿಯನ್ನು ಯಾರೂ ಹಾಗೆ ಕರೆಯುವುದಿಲ್ಲ. 'ವಯಸ್ಸಾಯ್ತು, ಇನ್ನೇನು' ಎಂದು ಸುಮ್ಮನಾಗುತ್ತಾರೆ. ಆ ಮಾತು ಪ್ರೀತಿಯಿಂದಲೇ ಬಂದಿರಬಹುದು, ಆದರೆ ಅದರಿಂದ ಆಗುವ ನಷ್ಟ ದೊಡ್ಡದು. ಪ್ರಮಾಣಪತ್ರ ಮಾಡಿಸುವುದಿಲ್ಲ, ಪ್ರಮಾಣಪತ್ರ ಇಲ್ಲದೆ ಯೋಜನೆ ಇಲ್ಲ. ಅಂಗವಿಕಲರ ಬಹುತೇಕ ಸರ್ಕಾರಿ ಯೋಜನೆಗಳಿಗೆ ಅವರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಬೇಕು. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯ ವೈದ್ಯರ ತಪಾಸಣೆಗೆ ಹೋಗಬೇಕು. ವೈಕಲ್ಯ ಶೇ. 40 ಮುಟ್ಟಿದರೆ ಬಹುತೇಕ ಸೌಲಭ್ಯಗಳಿಗೆ ಅರ್ಹತೆ. ಕಾರ್ಡಿನ ಬಣ್ಣವೇ ಶೇಕಡಾವಾರನ್ನು ಹೇಳುತ್ತದೆ: 40ಕ್ಕಿಂತ ಕಡಿಮೆಗೆ ಬಿಳಿ, 80ರವರೆಗೆ ಹಳದಿ, ಅದರ ಮೇಲೆ ನೀಲಿ. ಮೂರನೇ ಮಹಡಿಯಲ್ಲಿ ಹಾಸಿಗೆ ಹಿಡಿದವರನ್ನು ಈ ತಪಾಸಣೆಗೆಂದು ನಾಲ್ವರು ಹೊತ್ತು ಇಳಿಸಬೇಕಾಗುತ್ತದೆ ಎಂಬುದು ಬೇರೆ ಮಾತು. ಇನ್ನೂ ಆಸ್ಪತ್ರೆಯಲ್ಲಿ ದಾಖಲಾಗಿರುವಾಗಲೇ ವೈದ್ಯರನ್ನು ಕೇಳಿ ಅರ್ಜಿ ಶುರು ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಜೊತೆಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರ. ಒಮ್ಮೆ ಮಾಡಿಸಿದರೆ ಐದು ವರ್ಷ ನಡೆಯುತ್ತದೆ.

ಕೇಂದ್ರದ ಮುಖ್ಯ ಯೋಜನೆ ಅಡಿಪ್. 1981ರಿಂದ ನಡೆಯುತ್ತಿರುವ ಇದು ಗಾಲಿಕುರ್ಚಿ, ಟ್ರೈಸಿಕಲ್, ಊರುಗೋಲು, ಕ್ಯಾಲಿಪರ್, ಕೃತಕ ಅಂಗ, ಕಿವಿ ಮೆಷಿನ್‌ಗಳನ್ನು ಕೊಡುತ್ತದೆ. 2022ರ ಪರಿಷ್ಕರಣೆಯ ನಂತರ ತಿಂಗಳ ಆದಾಯ 22,500 ರೂಪಾಯಿಯ ಒಳಗಿದ್ದರೆ ಪೂರ್ತಿ ವೆಚ್ಚ, 30,000ದ ಒಳಗಿದ್ದರೆ ಅರ್ಧ ವೆಚ್ಚ ಸಿಗುತ್ತದೆ. ಸಾಧನಗಳನ್ನು ತಯಾರಿಸುವುದು ಕಾನ್ಪುರದ ಅಲಿಮ್ಕೊ, ಬೆಂಗಳೂರಿನಲ್ಲೂ ಅದರ ಒಂದು ಘಟಕ ಇದೆ. ಮೊದಲೆಲ್ಲ ಶಿಬಿರ ನಡೆಯುವವರೆಗೆ ಕಾಯಬೇಕಿತ್ತು. ಈಗ ಅಲಿಮ್ಕೊ ತೆರೆದಿರುವ ದಿವ್ಯಾಶಾ ಕೇಂದ್ರಗಳಲ್ಲಿ ನೇರವಾಗಿ ತಪಾಸಣೆ ಮಾಡಿಸಿ ಅಳತೆ ಕೊಡಬಹುದು. 60 ದಾಟಿದವರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಬೇರೆಯಾಗಿಯೇ ಇದೆ. ಕೋಲು, ವಾಕರ್, ಗಾಲಿಕುರ್ಚಿ, ಕಿವಿ ಮೆಷಿನ್, ಕನ್ನಡಕ, ಹಲ್ಲುಸೆಟ್ಟು ಅದರಲ್ಲಿ ಬರುತ್ತವೆ. ಬಿಪಿಎಲ್ ಕಾರ್ಡ್ ಇರಬೇಕು, ಇಲ್ಲವೇ ತಿಂಗಳ ಆದಾಯ 15,000 ರೂಪಾಯಿ ಮೀರಿರಬಾರದು. 'ವಯಸ್ಸಾಯ್ತು' ಎಂದು ಕೈಬಿಟ್ಟ ಅಜ್ಜಿಗೆ ಒದಗುವುದು ಇದೇ.

ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಯಂತ್ರಚಾಲಿತ ದ್ವಿಚಕ್ರ ವಾಹನ, ಅಂಧ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್, ಹೊಲಿಗೆ ಯಂತ್ರ ಮುಂತಾದವುಗಳಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಕರೆಯುತ್ತದೆ. ಬೆಂಗಳೂರು ಒನ್ ಕೇಂದ್ರಗಳಲ್ಲಿ ಅರ್ಜಿ ಹಾಕಿಸಿಕೊಡುತ್ತಾರೆ. ಪುಟ್ಟ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್‌ಗೆ ಶ್ರವಣ ಸಂಜೀವಿನಿ ಇದೆ. ಇನ್ನು ನಗರದ ಮಟ್ಟಕ್ಕೆ ಬಂದರೆ, ಪಾಲಿಕೆಗಳು ತಮ್ಮ ಹಣದಲ್ಲಿ ಶೇ. 5ನ್ನು ಅಂಗವಿಕಲರಿಗೆಂದು ತೆಗೆದಿಡಬೇಕು. ಬಿಬಿಎಂಪಿ ಕಾಲದಲ್ಲಿ ಈ ಕೆಲಸ ಕಲ್ಯಾಣ ವಿಭಾಗದಲ್ಲಿ ನಡೆಯುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಚಿಕ್ಕಪೇಟೆ, ಗಾಂಧಿನಗರ, ಚಾಮರಾಜಪೇಟೆ ಕ್ಷೇತ್ರಗಳು ಬೆಂಗಳೂರು ಕೇಂದ್ರ ನಗರ ಪಾಲಿಕೆಗೆ ಸೇರಿದ್ದರಿಂದ ಅಕ್ಕಿಪೇಟೆಯವರು ಕೇಳಬೇಕಾದದ್ದು ಅಲ್ಲಿಯೇ. ಹಳ್ಳಿಯಲ್ಲಿ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರುತ್ತಾನೆ, ಅವನೂ ಅಂಗವಿಕಲನೇ, ಊರಿಗೆಲ್ಲ ಅವನ ಮುಖ ಪರಿಚಯ. ಜನಜಂಗುಳಿಯ ಪೇಟೆಯಲ್ಲಿ ಅಂಥ ಪರಿಚಯದ ಮುಖ ಇಲ್ಲ. ಯಾವ ಯೋಜನೆಗೆ ಯಾವಾಗ ಅರ್ಜಿ ಕರೆದರು ಎಂದು ಮನೆಬಾಗಿಲಿಗೆ ಬಂದು ಹೇಳುವವರಿಲ್ಲ. ನಗರದ ಬಡವನಿಗೆ ಹಳ್ಳಿಯ ಬಡವನಿಗಿಂತ ಈ ಒಂದು ವಿಷಯದಲ್ಲಿ ಕಡಿಮೆ ಸಿಗುತ್ತಿದೆ ಎಂದು ನನಗೆ ಅನಿಸುತ್ತದೆ.

ಪೇಟೆಯ ಜನ ಮರೆತೇಬಿಡುವ ಇನ್ನೊಂದು ಮೂಲ ಇದೆ, ಅದು ಅವರ ದುಡಿಮೆಯದೇ. ಅಕ್ಕಿ ಸಗಟು ವ್ಯಾಪಾರದ ಬಹುಪಾಲು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋದ ಮೇಲೂ ಈ ಬೀದಿಗಳಲ್ಲಿ ಹಮಾಲಿಗಳು, ಅಂಗಡಿ ಹುಡುಗರು, ಗಾಡಿ ಓಡಿಸುವವರು, ದರ್ಜಿಗಳು ತುಂಬಿದ್ದಾರೆ. ಸಂಬಳದಿಂದ ಇಎಸ್ಐ ಕಡಿತ ಆಗುತ್ತಿದ್ದವರಿಗೆ ಕೃತಕ ಅಂಗ, ಗಾಲಿಕುರ್ಚಿ, ಕಿವಿ ಮೆಷಿನ್ ಇಎಸ್ಐ ಸೌಲಭ್ಯದಲ್ಲಿಯೇ ಬರುತ್ತದೆ. ರಾಜಾಜಿನಗರದ ಆಸ್ಪತ್ರೆ ಹತ್ತಿರದಲ್ಲೇ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು, ಅಂಗವಿಕಲ ನೌಕರರಾದರೆ 25,000ದವರೆಗೆ, ಇದರೊಳಗೆ ಬರುತ್ತಾರೆ. ದಾನಿಗಳ ಮನೆಗೆ ಅಲೆಯುವ ಮೊದಲು ಹಳೆಯ ಸಂಬಳದ ಚೀಟಿ ತೆಗೆದು ನೋಡಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದವರಿಗೆ ದುರ್ಬಲತೆ ಪಿಂಚಣಿಯೂ ಗಾಲಿಕುರ್ಚಿಯೂ ಇದೆ. ಹಮಾಲಿಗಳು, ಮನೆಗೆಲಸದವರು, ದರ್ಜಿಗಳಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದ ಕಾರ್ಡ್ ಇದ್ದರೆ ಅಪಘಾತದಿಂದ ಶಾಶ್ವತ ವೈಕಲ್ಯ ಆದಾಗ ಪರಿಹಾರ ಸಿಗುತ್ತದೆ. ಆದರೆ ಕಾರ್ಡು ಪೆಟ್ಟಾಗುವ ಮೊದಲೇ ಮಾಡಿಸಿರಬೇಕು. ಮೂಟೆ ಹೊರುವ ಕೆಲಸ ಕೊಟ್ಟವರು ಈ ಒಂದು ಕಾರ್ಡ್ ಮಾಡಿಸಿಕೊಟ್ಟರೆ ಅದೇ ಮೊದಲ ದಾನ.

ರಸ್ತೆ ಅಪಘಾತವಾಗಿದ್ದರೆ ಲೆಕ್ಕವೇ ಬೇರೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಆಸ್ಪತ್ರೆ ಖರ್ಚು, ಕಳೆದುಕೊಂಡ ದುಡಿಮೆ ಮಾತ್ರ ಕೇಳಿ ಮುಗಿಸುವವರು ಬಹಳ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಸಾರಿಗೆ ನಿಗಮದ ವಿರುದ್ಧ ಮೊಹಮ್ಮದ್ ಸಬೀರ್ ಹೂಡಿದ್ದ ಪ್ರಕರಣದಲ್ಲಿ ಕೃತಕ ಕಾಲು ಕೊಳ್ಳುವುದಕ್ಕೂ, ಅದನ್ನು ಮುಂದೆ ನಿರ್ವಹಿಸಿಕೊಂಡು ಹೋಗುವುದಕ್ಕೂ ಪರಿಹಾರ ಕೊಡಿಸಿತು. ಕೃತಕ ಕಾಲು ಜೀವನಪೂರ್ತಿ ಬರುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ವಕೀಲರು ಇದನ್ನು ಅರ್ಜಿಯಲ್ಲೇ ಬರೆಯಬೇಕು, ಸಾಧನ ತಜ್ಞರಿಂದ ಖರ್ಚಿನ ಅಂದಾಜು ತರಿಸಬೇಕು. ದಾನವಾಗಿ ಬೇಡಬೇಕಾಗಿದ್ದ ವಸ್ತು ಹಕ್ಕಾಗಿ ಬರುವ ದಾರಿ ಇದು.

ಇಷ್ಟಾದ ಮೇಲೂ ಉಳಿಯುವ ಕೊರತೆಗೆ ಖಾಸಗಿ ದಾನ. ಅದಕ್ಕೆ ಈ ಪೇಟೆಗಿಂತ ದೊಡ್ಡ ನೆಲೆ ಬೇರೆ ಬೇಕಿಲ್ಲ. ಗುಬ್ಬಿ ತೋಟದಪ್ಪನವರು ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿದ ಹಣದಲ್ಲಿ ರೈಲು ನಿಲ್ದಾಣದ ಎದುರು ಛತ್ರ ಕಟ್ಟಿಸಿದರು, ವಿದ್ಯಾರ್ಥಿಗಳಿಗೆ ವಸತಿ ನಿಲಯ ನಡೆಸಿದರು. ವೀಳ್ಯದೆಲೆ ವ್ಯಾಪಾರಿ ಎಲೆ ಮಲ್ಲಪ್ಪ ಶೆಟ್ಟರು ಕೆರೆ ಕಟ್ಟಿಸಿದರು, ಅದಕ್ಕೆ ಇವತ್ತಿಗೂ ಅವರದೇ ಹೆಸರು. ಜನೋಪಕಾರಿ ದೊಡ್ಡಣ್ಣ ಶೆಟ್ಟರು, ಸಜ್ಜನರಾಯರು ಇದೇ ಸುತ್ತಿನವರು. ದಣಿದು ಬಂದವನಿಗೆ ಮಲಗಲು ಜಾಗ, ಬಾಯಾರಿದವನಿಗೆ ನೀರು, ಓದುವ ಹುಡುಗನಿಗೆ ಊಟ ಎಂದು ಅವರ ಕಾಲ ಕಂಡುಕೊಂಡ ಕೊರತೆಗಳಿಗೆ ಅವರು ಹಣ ಹಾಕಿದರು. ಇವತ್ತು ಅದೇ ಬೀದಿಗಳಲ್ಲಿ ಮಾರವಾಡಿ, ಜೈನ, ಆರ್ಯವೈಶ್ಯ, ಲಿಂಗಾಯತ, ಮುಸ್ಲಿಂ, ಕ್ರೈಸ್ತ ಸಮುದಾಯಗಳ ಎಷ್ಟೋ ಟ್ರಸ್ಟುಗಳಿವೆ. ರೋಟರಿ, ಲಯನ್ಸ್ ಕ್ಲಬ್ಬುಗಳಿವೆ. ಕರ್ನಾಟಕ ಮಾರವಾಡಿ ಯೂತ್ ಫೆಡರೇಷನ್ ಉಚಿತವಾಗಿ ಕೃತಕ ಕಾಲು ಜೋಡಿಸುವ ಕೇಂದ್ರ ನಡೆಸುತ್ತದೆ. 1968ರಲ್ಲಿ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರೂಪಿಸಿದ ಜೈಪುರ ಕಾಲು ದೇಶದ ಬಡವರಿಗೆ ತಲುಪಿದ್ದರಲ್ಲಿ ಇಂಥ ದಾನಿಗಳ ಪಾಲೂ ಇದೆ.

ಆದರೂ ಹುಡುಕುವುದು ಯಾಕಿಷ್ಟು ಕಷ್ಟ? ಕಾರಣ ಕಾನೂನಿನಲ್ಲಿಯೇ ಇದೆ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯಡಿ ದತ್ತಿ ಆಯುಕ್ತರು ಇದ್ದಾರೆ, ಟ್ರಸ್ಟುಗಳೆಲ್ಲ ಅಲ್ಲಿ ನೋಂದಣಿ ಆಗಬೇಕು. ಇಂಗ್ಲೆಂಡಿನಲ್ಲಿ ಚಾರಿಟಿ ಕಮಿಷನ್ನಿನ ಪಟ್ಟಿಯನ್ನು ಯಾರು ಬೇಕಾದರೂ ತೆರೆದು, ಯಾವ ಸಂಸ್ಥೆ ಯಾವ ಉದ್ದೇಶಕ್ಕೆ ಎಷ್ಟು ಖರ್ಚು ಮಾಡಿತು ಎಂದು ನೋಡಬಹುದು. ಕರ್ನಾಟಕದಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಅಂಥ ವ್ಯವಸ್ಥೆ ಇಲ್ಲ. ಟ್ರಸ್ಟಿನ ಪತ್ರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಿ ಕಪಾಟು ಸೇರುತ್ತದೆ. ಹಾಗಾಗಿ ಅಕ್ಕಿಪೇಟೆಯ ಸುತ್ತಮುತ್ತ ಗಾಲಿಕುರ್ಚಿ ಕೊಡುವ ಟ್ರಸ್ಟುಗಳು ಯಾವುವು ಎಂದು ಒಂದು ಕಡೆ ನೋಡಿ ಹೇಳಲು ಬರುವುದಿಲ್ಲ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪಟ್ಟಿಯಲ್ಲಿ ಜಿಲ್ಲೆ ಮತ್ತು ಕ್ಷೇತ್ರವಾರು ಹುಡುಕಬಹುದು, ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ಅನುದಾನ ಕೇಳುವ ಸಂಸ್ಥೆಗಳು, ಕೊಡುವವರಲ್ಲ. ಕೊಡುವವರ ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ. ಬಾಯಿಗೆ ಹತ್ತಿರ ಇದ್ದವರಿಗೆ ಸಿಗುತ್ತದೆ, ಹೊಸದಾಗಿ ಬಂದು ಸೇರಿದ ಬಿಹಾರದ ಹಮಾಲಿಗೋ ರಾಯಚೂರಿನ ಗಾರೆಯವನಿಗೋ ಸಿಗುವುದಿಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ. ಯಾವ ಟ್ರಸ್ಟಿಗೂ ಹೊರಗಿನವರನ್ನು ದೂರ ಇಡಬೇಕೆಂಬ ಉದ್ದೇಶ ಇರುವುದಿಲ್ಲ, ಪಟ್ಟಿ ಇಲ್ಲದಿರುವುದೇ ಆ ಕೆಲಸ ಮಾಡುತ್ತದೆ.

ಹಾಗಾದರೆ ಕೇಳುವುದು ಹೇಗೆ? ಪೇಟೆಯ ಸಣ್ಣ ಟ್ರಸ್ಟಿಗೆ ಬೋರ್ಡು ಇರುವ ಕಚೇರಿ ಇರುವುದಿಲ್ಲ. ಅದು ಯಾವುದೋ ಬಟ್ಟೆ ಅಂಗಡಿಯ ಹಿಂಬದಿಯ ಮೇಜು, ಒಂದು ರಸೀದಿ ಪುಸ್ತಕ, ನಾಲ್ಕೈದು ಜನ ಹಿರಿಯರು. ಅವರ ಮೊದಲ ಪ್ರಶ್ನೆ 'ಯಾರು ಕಳಿಸಿದ್ದು?' ಎಂದೇ. ಅದಕ್ಕೆ ಉತ್ತರವಾಗಿ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಪತ್ರ ಇದ್ದರೆ ಮಾತು ಮುಂದುವರಿಯುತ್ತದೆ. ವೈದ್ಯರ ಪತ್ರದಲ್ಲಿ 'ಗಾಲಿಕುರ್ಚಿ ಬೇಕು' ಎಂದಷ್ಟೇ ಇದ್ದರೆ ಸಾಲದು. ಯಾವ ಅಳತೆಯದು, ಕೈಹಿಡಿ ತೆಗೆಯಲು ಬರಬೇಕೇ, ಯಾವ ಮೆತ್ತೆ, ಯಾಕೆ ಎಂದು ಬರೆಸಬೇಕು. ಸರ್ಜಿಕಲ್ ಅಂಗಡಿಯ ಕೊಟೇಷನ್ ಜೊತೆಗಿರಲಿ. ನಂಬಿಕೆಯ ಟ್ರಸ್ಟುಗಳು ಕೈಗೆ ಹಣ ಕೊಡುವುದಿಲ್ಲ, ಅಂಗಡಿಯ ಹೆಸರಿಗೆ ಚೆಕ್ ಬರೆಯುತ್ತವೆ. ಪೂರ್ತಿ ಹಣ ಒಬ್ಬರಿಂದ ಬರುವುದು ಅಪರೂಪ. 'ಇಷ್ಟು ನಮ್ಮದು, ಇಷ್ಟು ಇಂಥವರು ಕೊಡುತ್ತಾರೆ, ಇಷ್ಟು ಮಾತ್ರ ಉಳಿದಿದೆ' ಎಂದು ಕಾಗದದಲ್ಲಿ ತೋರಿಸಿದರೆ ಕೊಡುವವರಿಗೂ ಧೈರ್ಯ ಬರುತ್ತದೆ.

ಕಾಲವೂ ಮುಖ್ಯ. ಆದಾಯ ತೆರಿಗೆಯ ವಿನಾಯಿತಿ ಉಳಿಯಬೇಕಾದರೆ ಟ್ರಸ್ಟುಗಳು ಆ ವರ್ಷದ ಆದಾಯದಲ್ಲಿ ಶೇ. 85ನ್ನು ಉದ್ದೇಶಿತ ಕೆಲಸಕ್ಕೆ ಬಳಸಬೇಕು. ಹಾಗಾಗಿ ವರ್ಷದ ಲೆಕ್ಕ ಮುಗಿಯುವ ಮುಂಚಿನ ಫೆಬ್ರವರಿ, ಮಾರ್ಚ್ ತಿಂಗಳು ಕೇಳಲು ತಕ್ಕ ಹೊತ್ತು. ರಂಜಾನ್ ತಿಂಗಳಲ್ಲಿ ಜಕಾತ್ ಹಣ, ಪರ್ಯೂಷಣ ಮತ್ತು ಮಹಾವೀರ ಜಯಂತಿಯ ಹೊತ್ತಿಗೆ ಜೈನ ಸಂಘಗಳ ಹಣ ಹರಿಯುತ್ತದೆ. ಕಂಪನಿಗಳ ಸಿಎಸ್ಆರ್ ಹಣದ ಬಗ್ಗೆ ಮಾತ್ರ ತಪ್ಪು ಭರವಸೆ ಬೇಡ. 2013ರ ಕಂಪನಿ ಕಾಯಿದೆ ಲಾಭದ ಶೇ. 2ರ ಮಾತಾಡುತ್ತದೆ, ಆದರೆ ಕಂಪನಿ ಒಂದು ಮನೆಯ ಅರ್ಜಿ ನೋಡಿ ಕೊಡುವುದಿಲ್ಲ, ನೋಂದಾಯಿತ ಸಂಸ್ಥೆಯ ಮೂಲಕ ಕೊಡುತ್ತದೆ. ಆ ಸಂಸ್ಥೆಯನ್ನೇ ಹಿಡಿಯಬೇಕು.

ತಾತ್ಕಾಲಿಕ ಅಗತ್ಯಕ್ಕೆ ಕೊಳ್ಳುವುದೇ ಬೇಡ. ಮಂಚ, ವಾಕರ್, ಗಾಲಿಕುರ್ಚಿ, ಆಕ್ಸಿಜನ್ ಕಾನ್ಸನ್‌ಟ್ರೇಟರ್‌ಗಳನ್ನು ಠೇವಣಿ ಇಟ್ಟುಕೊಂಡು ಎರವಲು ಕೊಡುವ ಸಂಘಗಳು ಪೇಟೆಯಲ್ಲಿವೆ. ವಾಪಸು ಕೊಟ್ಟರೆ ಠೇವಣಿಯೂ ವಾಪಸು. ಸೊಂಟದ ಶಸ್ತ್ರಚಿಕಿತ್ಸೆಯ ನಂತರದ ಕೆಲವು ತಿಂಗಳಿಗೆ ಇದಕ್ಕಿಂತ ಸರಳ ದಾರಿ ಇಲ್ಲ.

ಸಿಕ್ಕ ಸಾಧನ ಮೈಗೆ ಹೊಂದಬೇಕು, ಅದು ಮುಂದಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಗಾಲಿಕುರ್ಚಿ ಕೊಡುವ ಕೆಲಸವನ್ನು ಎಂಟು ಹಂತ ಮಾಡುತ್ತದೆ. ಅದರಲ್ಲಿ ತಪಾಸಣೆ, ಅಳತೆಗೆ ಹೊಂದಿಸುವುದು, ಬಳಸುವ ತರಬೇತಿ, ನಂತರದ ರಿಪೇರಿ ಎಲ್ಲ ಇವೆ. ವೇದಿಕೆಯ ಮೇಲೆ ಒಂದೇ ಅಳತೆಯ ನೂರು ಕುರ್ಚಿ ಹಂಚಿದರೆ ಈ ಹಂತಗಳಲ್ಲಿ ಬಹುಪಾಲು ಬಿಟ್ಟುಹೋಗುತ್ತವೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಹಲವರಿಗೆ ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗುವುದಿಲ್ಲ. ಸರಿಯಾದ ಮೆತ್ತೆ ಇಲ್ಲದೆ ಇಡೀ ದಿನ ಕೂತರೆ ಚರ್ಮ ಕೊಳೆತು ಹುಣ್ಣಾಗುತ್ತದೆ, ಆ ಹುಣ್ಣು ನಂಜಾಗಿ ಜೀವವನ್ನೇ ತೆಗೆಯಬಹುದು. ಕುರ್ಚಿ ಕೊಟ್ಟು ಮೆತ್ತೆ ಬಿಟ್ಟರೆ ಉಪಕಾರ ಅಪಾಯವಾಗುತ್ತದೆ. ಬೆಂಗಳೂರಿನ ಪುಣ್ಯಕ್ಕೆ ಇಲ್ಲಿ ಬಲ್ಲವರಿದ್ದಾರೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಶುರು ಮಾಡಿದ, ಲಿಂಗರಾಜಪುರದಲ್ಲಿರುವ ಎಪಿಡಿ ಸಂಸ್ಥೆ ಬೆನ್ನುಹುರಿಯ ಪೆಟ್ಟಿನವರ ಪುನರ್ವಸತಿಯಲ್ಲಿ ನುರಿತದ್ದು. 1994ರಲ್ಲಿ ಶುರುವಾದ, ಜೆ.ಪಿ. ನಗರದಲ್ಲಿರುವ ಮೊಬಿಲಿಟಿ ಇಂಡಿಯಾ ಕೃತಕ ಅಂಗ, ಗಾಲಿಕುರ್ಚಿಗಳನ್ನು ಅಳತೆಗೆ ಹೊಂದಿಸುತ್ತದೆ, ಆ ಕೆಲಸ ಬಲ್ಲವರನ್ನು ತರಬೇತಿ ಕೊಟ್ಟು ತಯಾರು ಮಾಡುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ, ಮಾತು ಮತ್ತು ಕಿವಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಟ್ರಸ್ಟುಗಳು ತಾವೇ ಕುರ್ಚಿ ಕೊಂಡು ಹಂಚುವ ಬದಲು ಇಂಥ ಕಡೆ ಅಳತೆ ಮಾಡಿಸಿ ಅಲ್ಲಿಗೇ ಹಣ ಕಟ್ಟಿದರೆ ಅದೇ ಹಣಕ್ಕೆ ಬೆಲೆ ಹೆಚ್ಚು. ಮದ್ರಾಸ್ ಐಐಟಿಯಲ್ಲಿ ರೂಪುಗೊಂಡ ನಿಯೋಬೋಲ್ಟ್ ಎಂಬ, ಗಾಲಿಕುರ್ಚಿಗೆ ಜೋಡಿಸುವ ಮೋಟಾರು ಗಾಡಿ ಬಿಡುಗಡೆಯಾದಾಗ ಅದರ ಬೆಲೆಯೇ 55,000 ರೂಪಾಯಿ. ಇಂಥದ್ದಕ್ಕೆ ಸರ್ಕಾರದ ಸಹಾಯಧನ ಸಾಲದು, ದಾನಿಯ ಪಾಲು ಬೇಕಾಗುವುದು ಇಲ್ಲೇ.

ಇನ್ನು ವೇದಿಕೆಯ ಫೋಟೊ. ಕೊಡುವವರಿಗೆ ಲೆಕ್ಕಕ್ಕೆ ಸಾಕ್ಷಿ ಬೇಕು, ಒಪ್ಪುತ್ತೇನೆ. ಆದರೆ ರಸೀದಿ ಮತ್ತು ಸಹಿ ಸಾಕು. ತನ್ನ ಮಗಳ ಮದುವೆಯ ಮಾತುಕತೆ ನಡೆಯುತ್ತಿರುವಾಗ ಹಾರ ಹಾಕಿಸಿಕೊಂಡು ಕುರ್ಚಿ ಪಡೆಯುವ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಓಡಾಡುವುದು ಬೇಡ ಎನ್ನುವ ಹಕ್ಕು ಪಡೆಯುವವರಿಗೆ ಇರಬೇಕು.

ಈಗ ಹೊಸ್ತಿಲಿನ ಮಾತು. ಇಂಗ್ಲೆಂಡಿನಲ್ಲಿ ಮನೆ ಮಾರ್ಪಾಟಿಗೆಂದೇ ಸ್ಥಳೀಯ ಆಡಳಿತ 30,000 ಪೌಂಡ್‌ವರೆಗೆ ಅನುದಾನ ಕೊಡುತ್ತದೆ. ಅದು ದೂರದ ಶ್ರೀಮಂತ ದೇಶ ಎನ್ನಬಹುದು. ಸಿಂಗಪುರ ಏಷ್ಯಾದ್ದೇ, ಕಿಕ್ಕಿರಿದ ಮಹಡಿ ಮನೆಗಳ ಊರು. ಅಲ್ಲಿನ ವಸತಿ ಮಂಡಳಿ 2012ರಿಂದ ವೃದ್ಧರಿರುವ ಮನೆಗಳಲ್ಲಿ ಹಿಡಿಕಂಬಿ ಹಾಕಿಸುವುದಕ್ಕೆ, ಬಚ್ಚಲ ನೆಲ ಜಾರದಂತೆ ಮಾಡುವುದಕ್ಕೆ, ಹೊಸ್ತಿಲಿಗೆ ಇಳಿಜಾರು ಇಡುವುದಕ್ಕೆ ಶೇ. 95ರವರೆಗೆ ಖರ್ಚು ಹೊರುತ್ತಿದೆ. ನಮ್ಮ 2016ರ ಕಾಯಿದೆ ಸಾರ್ವಜನಿಕ ಕಟ್ಟಡಗಳ ಬಗ್ಗೆ ಗಟ್ಟಿಯಾಗಿದೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಕಟ್ಟಡಗಳು ಅಂಗವಿಕಲರು ಬಳಸಲು ಬರುವಂತಿರಬೇಕೆಂಬ ನಿಯಮಗಳನ್ನು ಕಡ್ಡಾಯ ಮಾಡಬೇಕೆಂದು ಹೇಳಿತು. ಚಿಕ್ಕಪೇಟೆಯ ಮೆಟ್ರೋ ನಿಲ್ದಾಣದಲ್ಲಿ 2017ರಿಂದ ಲಿಫ್ಟ್ ಇದೆ. ಆದರೆ ಅಕ್ಕಿಪೇಟೆಯ ಮೇಲ್ಮಹಡಿಯಿಂದ ಬೀದಿಗೆ ಇಳಿಯುವುದು ಕುಟುಂಬದ ಖಾಸಗಿ ವಿಷಯವಾಗಿ ಉಳಿದಿದೆ. ಮನೆಯಿಂದಲೇ ಹೊರಬರಲಾಗದವನಿಗೆ ನಿಲ್ದಾಣದ ಲಿಫ್ಟ್ ಎಷ್ಟು ಹತ್ತಿರ ಇದ್ದರೂ ದೂರವೇ.

ಕೆಲಸ ಎಷ್ಟು ಸಣ್ಣದು ಎಂದು ನೋಡಿ. ಇಳಿಜಾರಿಗೆ ಒಪ್ಪಿತ ಅಳತೆ ಹನ್ನೆರಡಕ್ಕೆ ಒಂದು. ಹೊಸ್ತಿಲು 15 ಸೆಂಟಿಮೀಟರ್ ಎತ್ತರ ಇದ್ದರೆ 180 ಸೆಂಟಿಮೀಟರ್ ಉದ್ದದ ಹಲಗೆ ಬೇಕು. ಕೋಣೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಹೊಸ್ತಿಲನ್ನೇ ತೆಗೆಸಬೇಕು. ಸಾಮಾನ್ಯ ಗಾಲಿಕುರ್ಚಿಯ ಅಗಲ 60ರಿಂದ 65 ಸೆಂಟಿಮೀಟರ್. ಹಳೆಯ ಬಾಗಿಲಲ್ಲಿ ಅದು ಒಂದೆರಡು ಬೆರಳಷ್ಟರಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟೋ ಸಲ ಬಾಗಿಲ ರೆಕ್ಕೆ ತೆಗೆದು ಪರದೆ ಹಾಕಿದರೆ ಆ ಎರಡು ಬೆರಳು ಸಿಗುತ್ತವೆ. ಬಚ್ಚಲ ನೆಲವನ್ನು ಎತ್ತರಿಸಿ ಜಾರದ ಟೈಲ್ಸ್, ಕಮೋಡಿನ ಎರಡೂ ಕಡೆ ಗೋಡೆಗೆ ಗಟ್ಟಿಯಾಗಿ ಕೂರುವ ಸ್ಟೀಲ್ ಕಂಬಿ, ಕೂತು ಸ್ನಾನ ಮಾಡಲು ಕೈಶವರ್, ಕೂತಲ್ಲಿಂದ ಕೈಗೆ ಸಿಗುವ ಸ್ವಿಚ್ಚು. ಸಾಮಾನೆಲ್ಲ ಎಸ್.ಪಿ. ರಸ್ತೆಯ ಆಸುಪಾಸಿನಲ್ಲೇ ಸಿಗುತ್ತದೆ. ಒಬ್ಬ ಗಾರೆಯವ, ಒಬ್ಬ ಪ್ಲಂಬರ್, ಕೆಲವು ದಿನದ ಕೂಲಿ. ಒಂದು ಮೂರು ಚಕ್ರದ ಸ್ಕೂಟರಿನ ಬೆಲೆಯಲ್ಲಿ ಇಂಥ ಹಲವು ಬಚ್ಚಲುಗಳಾಗುತ್ತವೆ. ಆ ಬಚ್ಚಲು ಕೊಡುವುದಾದರೂ ಏನು? ಮಗನ, ಸೊಸೆಯ ಕೈ ಕಾಯದೆ ಕಕ್ಕಸಿಗೆ ಹೋಗಿಬರುವ ಮರ್ಯಾದೆ. ರಾತ್ರಿ ಎದ್ದೇಳಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯದೆ ಇರುವ ಹೆಂಗಸರಿದ್ದಾರೆ. ಅವರಿಗೆ ಒಂದು ಕಂಬಿ ಔಷಧಿಯಷ್ಟೇ ಕೆಲಸ ಮಾಡುತ್ತದೆ.

ಮೆಟ್ಟಿಲಿಗೆ ಮಾತ್ರ ಅಗ್ಗದ ಪರಿಹಾರ ಇಲ್ಲ. ಮೆಟ್ಟಿಲಿಗೆ ಜೋಡಿಸುವ ಲಿಫ್ಟ್‌ಗೆ ಲಕ್ಷಗಟ್ಟಲೆ ಬೇಕು, ಇಲ್ಲಿನ ಮೆಟ್ಟಿಲ ಅಗಲಕ್ಕೆ ಅದು ಕೂರುವುದೂ ಅನುಮಾನ. ನಿಜವಾದ ಪರಿಹಾರ ನೆಲಮಹಡಿಗೆ ಬರುವುದು. ಪ್ರಧಾನಮಂತ್ರಿ ಆವಾಸ್‌ನ ನಗರ ಯೋಜನೆ ಅಂಗವಿಕಲರಿಗೆ ನೆಲಮಹಡಿಯಲ್ಲಿ ಆದ್ಯತೆ ಹೇಳುತ್ತದೆ. ಪೇಟೆಯಲ್ಲಿ ನೆಲಮಹಡಿ ಎಂದರೆ ಅಂಗಡಿ, ಅದರ ಬಾಡಿಗೆ ಸಂಸಾರಕ್ಕೆ ಎಟುಕದು. ಆಗ ಚಾಮರಾಜಪೇಟೆಯ ಕಡೆಗೋ ಮಾಗಡಿ ರಸ್ತೆಯ ಕಡೆಗೋ ನೆಲಮಹಡಿಯ ಒಂದು ಕೋಣೆ ಹುಡುಕಬೇಕು, ಅಡ್ವಾನ್ಸ್ ಹೊಂದಿಸಬೇಕು. ಈ ಅಡ್ವಾನ್ಸ್ ಹಣವನ್ನು ಸಾಲವಾಗಿ ಕೊಟ್ಟು, ಮನೆ ಬಿಡುವಾಗ ಮಾಲೀಕರಿಂದಲೇ ವಾಪಸು ಪಡೆಯುವ ಏರ್ಪಾಡನ್ನು ಯಾವುದೇ ಟ್ರಸ್ಟ್ ಮಾಡಬಹುದು. ಹಣ ಕಳೆಯುವುದಿಲ್ಲ, ಸುತ್ತುತ್ತದೆ. ಕುರ್ಚಿ ಕೊಡುವುದಕ್ಕಿಂತ ಇದು ಎಷ್ಟೋ ಜನರಿಗೆ ಮೊದಲು ಬೇಕಾದದ್ದು.

ಪಾಲಿಕೆಯ ಶೇ. 5ರ ನಿಧಿಯಲ್ಲಿ ಮನೆ ಮಾರ್ಪಾಟಿಗೆಂದು ಒಂದು ಪಾಲನ್ನು ಹೆಸರಿಟ್ಟು ಎತ್ತಿಡಬೇಕೆಂದು ಅಂಗವಿಕಲರ ಸಂಘಟನೆಗಳು ಕೇಳಬೇಕಾದ ಹೊತ್ತು ಇದು. ಹೊಸ ಪಾಲಿಕೆ ಈಗಷ್ಟೇ ತನ್ನ ಪದ್ಧತಿಗಳನ್ನು ಕಟ್ಟಿಕೊಳ್ಳುತ್ತಿದೆ, ಒಮ್ಮೆ ಗಟ್ಟಿಯಾದ ಮೇಲೆ ಬದಲಿಸುವುದು ಕಷ್ಟ. ಅಲ್ಲಿಯವರೆಗೆ ಪೇಟೆಯ ಟ್ರಸ್ಟುಗಳು ತಮ್ಮ ಅರ್ಜಿ ಹಾಳೆಯಲ್ಲಿ ಒಂದೇ ಸಾಲು ಸೇರಿಸಲಿ: ಮನೆಯ ಬಾಗಿಲ ಅಗಲ ಎಷ್ಟು, ಹೊಸ್ತಿಲ ಎತ್ತರ ಎಷ್ಟು, ಬಚ್ಚಲಿಗೆ ಎಷ್ಟು ಮೆಟ್ಟಿಲು. ಆ ಮೂರು ಅಂಕಿ ನೋಡಿದ ಯಾವ ದಾನಿಯೂ ಬರೀ ಕುರ್ಚಿ ಕೊಟ್ಟು ಕಳಿಸಲಾರ.

ಉಳಿಯುವ ಅಡ್ಡಿ ಬಾಡಿಗೆಯದು. ಪೇಟೆಯಲ್ಲಿ ಬಹಳ ಮಂದಿ ಬಾಡಿಗೆಗೋ ಭೋಗ್ಯಕ್ಕೋ ಇರುವವರು. ಗೋಡೆಗೆ ತೂತು ಕೊರೆಯುತ್ತೇವೆ, ಹೊಸ್ತಿಲು ತೆಗೆಯುತ್ತೇವೆ ಎಂದರೆ ಮಾಲೀಕರು ಹಿಂಜರಿಯುತ್ತಾರೆ. ಕೇಳಿದರೆ ಮನೆಯನ್ನೇ ಬಿಡಿಸಿಯಾರೆಂದು ಬಾಡಿಗೆದಾರರು ಕೇಳುವುದೇ ಇಲ್ಲ. ಇಲ್ಲಿ ಟ್ರಸ್ಟಿನ ಹಿರಿಯರ ಮಾತು ಹಣಕ್ಕಿಂತ ಹೆಚ್ಚು ನಡೆಯುತ್ತದೆ, ಏಕೆಂದರೆ ಎಷ್ಟೋ ಕಟ್ಟಡಗಳ ಮಾಲೀಕರು ಅದೇ ಬೀದಿಯ ವ್ಯಾಪಾರಿಗಳು, ಒಬ್ಬರಿಗೊಬ್ಬರು ಪರಿಚಿತರು. ಮನೆ ಖಾಲಿ ಮಾಡುವಾಗ ಕಂಬಿ ಬಿಚ್ಚಿಸಿ, ತೂತು ಮುಚ್ಚಿಸಿ, ಟೈಲ್ಸ್ ಸರಿಮಾಡಿಸಿ ಕೊಡುವ ಹೊಣೆ ನಮ್ಮದು ಎಂದು ಟ್ರಸ್ಟಿನ ಲೆಟರ್‌ಹೆಡ್‌ನಲ್ಲಿ ಬರೆದು ಕೊಟ್ಟರೆ ಒಪ್ಪುವ ಮಾಲೀಕರು ಸಿಗುತ್ತಾರೆ. ಇಳಿಜಾರಿಗೆ ಸಿಮೆಂಟು ಬೇಡ, ಮಡಚಿ ಒಯ್ಯುವ ಅಲ್ಯೂಮಿನಿಯಂ ಹಲಗೆ ಸಾಕು. ಸಂಸಾರ ಬೇರೆ ಮನೆಗೆ ಹೋದರೆ ಅದೂ ಜೊತೆಗೆ ಹೋಗುತ್ತದೆ, ಬೇಡವಾದ ಮೇಲೆ ಎರವಲು ಮಂಚ, ವಾಕರ್‌ಗಳ ಜೊತೆ ಸಂಘಕ್ಕೆ ವಾಪಸು ಬರುತ್ತದೆ.